ಕಪಾಟಿನಿಂದ ಮೋಂಢಾದವರೆಗೆ



ಗುಂಜೋಟಿಯಲ್ಲಿ ಈ ದತ್ತಿ ಉಪನ್ಯಾಸವನ್ನು ಇಟ್ಟ ಮನೆಯವರು ನನ್ನನ್ನು ಕರೆಯಲು ಬಂದಾಗ ಒಂದೇ ಮಾತು ಹೇಳಿದರು: ‘ಸರ್, ನಮ್ಮ ಹುಡುಗರಿಗಿ ಉಪಯೋಗ ಆಗೋ ಹಂಗ ಮಾತಾಡ್ರಿ.’ ಅಂಥ ಮಾತಿಗೆ ಮೊದಲು ನನ್ನ ಹತ್ತಿರ ಇರುವ ಅನುಭವವನ್ನೇ ತೆಗೆದಿಡಬೇಕು. ಸಂಶೋಧನೆ ಹೇಗೆ ಉದ್ಯಮವಾಗುತ್ತದೆ ಎಂಬ ವಿಷಯದಲ್ಲಿ ನನ್ನ ಅನುಭವ ಗೆಲುವಿನದಲ್ಲ. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಹುಡುಗನಾಗಿದ್ದಾಗ ಅಪ್ಪನ ಜೊತೆ ಉದಗೀರದ ಮೋಂಢಾಕ್ಕೆ, ಅಂದರೆ ಕಾಳಿನ ಮಾರುಕಟ್ಟೆಗೆ, ತೊಗರಿ ಹಾಕಲು ಹೋಗುತ್ತಿದ್ದೆ. ಅಡತಿಯವರು ಚೀಲದೊಳಗೆ ಕೈ ಹಾಕಿ ನಾಲ್ಕು ಕಾಳು ತೆಗೆದು, ಒಂದೆರಡನ್ನು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದರು. ಕಟ್ಟಂತ ಒಡೆದರೆ ಒಣಗಿದ ಕಾಳು. ಹಲ್ಲಿಗೆ ಮೆತ್ತಗೆ ಸಿಕ್ಕರೆ ಹಸಿ. ‘ಹಸಿ ಅದ ಕಾಕಾ’ ಎಂದರೆ ಮುಗಿಯಿತು, ಕ್ವಿಂಟಲಿಗೆ ಇಷ್ಟು ಕಿಲೋ ಕಡಿತ. ಅಪ್ಪನೂ ಒಂದು ಕಾಳು ಕಡಿದು ನೋಡಿ, ‘ಇಲ್ಲಪ, ಎಂಟು ದಿನ ಬಿಸಲಿಗಿ ಹಾಕೀನಿ’ ಎನ್ನುತ್ತಿದ್ದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಳತೆಯ ಸಾಧನ ಇಲ್ಲದ ಕಡೆ ಕೊಳ್ಳುವವನ ಮಾತೇ ಅಳತೆ. ತಿರುಗಿ ಬರುವಾಗ ಅಪ್ಪ ಬಹಳ ಹೊತ್ತು ಮಾತಾಡುತ್ತಿರಲಿಲ್ಲ.

ಮುಂದೆ ನಾನು ಓದಿ ಅಧ್ಯಾಪಕನಾದೆ. ಕೈಗೆ ಒಂದು ಪ್ರಯೋಗಶಾಲೆ ಬಂದಾಗ ಮೊದಲು ನೆನಪಾದದ್ದು ಆ ಕಾಳು. ವಿದ್ಯುತ್ ಕ್ಷೇತ್ರಕ್ಕೆ ನೀರು ಸ್ಪಂದಿಸುವ ರೀತಿಗೂ ಒಣ ಕಾಳು ಸ್ಪಂದಿಸುವ ರೀತಿಗೂ ಅಜಗಜಾಂತರ ವ್ಯತ್ಯಾಸವಿದೆ. ವಿಜ್ಞಾನದಲ್ಲಿ ಅದನ್ನು ಅಳೆಯುವ ಅಂಕಿ ನೀರಿಗೆ ಸುಮಾರು 80 ಇದ್ದರೆ, ಒಣ ಕಾಳಿಗೆ ಹತ್ತರ ಒಳಗೇ ಇರುತ್ತದೆ. ಎರಡು ಲೋಹದ ಫಲಕಗಳ ನಡುವೆ ಕಾಳು ತುಂಬಿ, ಅದು ಹಿಡಿದಿಡುವ ವಿದ್ಯುತ್ತನ್ನು ಅಳೆದರೆ ತೇವಾಂಶ ಎಷ್ಟಿದೆ ಎಂದು ಹೇಳಬಹುದು. ಈ ತತ್ವ ಹೊಸದಲ್ಲ. ಗೋಧಿಗೆ, ಭತ್ತಕ್ಕೆ ಇಂಥ ಮೀಟರುಗಳು ಆಗಲೇ ಇದ್ದವು. ನಮ್ಮ ಕಪ್ಪು ನೆಲದ ತೊಗರಿಗೆ, ನಮ್ಮ ತಳಿಗಳಿಗೆ ಹೊಂದಿಸಿ, ರೈತನ ಕೈಗೆ ಎಟಕುವಂತೆ ಮಾಡುವುದು ನನ್ನ ಆಸೆ. ಮೂರು ವರ್ಷ ದುಡಿದೆವು. ಸಲಕರಣೆ ಕೆಲಸ ಮಾಡಿತು. ಲೇಖನ ಅಚ್ಚಾಯಿತು. ನನಗೆ ಬಡ್ತಿಯೂ ಸಿಕ್ಕಿತು.

ಒಂದು ದಿನ ನಿಲಂಗಾ ಕಡೆಯ ಹುಡುಗನೊಬ್ಬ ಪ್ರಯೋಗಶಾಲೆಗೆ ಬಂದ. ಸಲಕರಣೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ: ‘ಸರ್, ಇದು ಎಷ್ಟಕ್ಕ ಸಿಗ್ತದ್ರಿ?’ ನನ್ನಲ್ಲಿ ಉತ್ತರ ಇರಲಿಲ್ಲ. ಅದು ಸಿಗುತ್ತಿರಲಿಲ್ಲ. ಜಗತ್ತಿನಲ್ಲಿ ಅದು ಒಂದೇ ಒಂದು ಇತ್ತು, ಅದೂ ನನ್ನ ಕಪಾಟಿನಲ್ಲಿ. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಹೆಸರು ಇಲ್ಲಿ ಬೇಡ. ಇದನ್ನು ತಯಾರಿಸುವವರಿಗೆ ಕೊಡೋಣ ಎಂದು ಬರೆದ ಅರ್ಜಿ ಅಲ್ಲಿ ಎರಡು ವರ್ಷ ಮೇಜಿನಿಂದ ಮೇಜಿಗೆ ಹೋಯಿತು. ಅಷ್ಟರಲ್ಲಿ ನಾನು ಬೇರೆ ಲೇಖನ ಬರೆಯಲು ಹತ್ತಿದ್ದೆ. ತಪ್ಪು ಅರ್ಜಿ ಹಿಡಿದು ಕೂತವರದಷ್ಟೇ ಅಲ್ಲ, ನನ್ನದೂ ಇದೆ. ಸಾವಿರ ಮೀಟರು ಮಾಡುವವರು ಯಾರು, ಒಂದಕ್ಕೆ ಎಷ್ಟು ಬೀಳುತ್ತದೆ, ಮೋಂಢಾದ ಧೂಳಿನಲ್ಲಿ ಕೆಟ್ಟರೆ ರಿಪೇರಿ ಯಾರ ಕೈಲಿ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಪ್ರಯೋಗಶಾಲೆಯ ತಂಪಿನಲ್ಲಿ ಸರಿಯಾಗಿ ಓದುತ್ತಿದ್ದ ಮೀಟರು ನಮ್ಮ ಬಿಸಿಲಿನಲ್ಲಿ ಏನು ಓದುತ್ತದೆ ಎಂದು ಪರೀಕ್ಷೆ ಮಾಡಲು ಒಮ್ಮೆ ಉದಗೀರಕ್ಕೂ ಒಯ್ದಿರಲಿಲ್ಲ.

ಆ ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದಿನಿಂದ, ಪ್ರಯೋಗಶಾಲೆಯಿಂದ ಹೊರಬಿದ್ದು ಜನರ ಕೈ ಸೇರಿದ ಕೆಲಸಗಳು ಎಲ್ಲೆಲ್ಲಿವೆ, ಹೇಗೆ ಸೇರಿದವು ಎಂದು ಹುಡುಕುತ್ತ ಬಂದಿದ್ದೇನೆ.

ಮೊದಲು ತೊಗರಿಯನ್ನೇ ನೋಡೋಣ. 1980ರ ದಶಕದಲ್ಲಿ ನೆಟೆ ರೋಗಕ್ಕೆ ತೊಗರಿ ನಿಂತಲ್ಲೇ ಒಣಗುತ್ತಿದ್ದುದನ್ನು ಇಲ್ಲಿನ ಹಿರಿಯರು ಕಂಡಿದ್ದಾರೆ. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯವರು ಆ ರೋಗ ತಡೆಯುವ ತಳಿಯೊಂದನ್ನು ಆರಿಸಿ ತೆಗೆದರು. 1986ರಲ್ಲಿ ಅದು ಕರ್ನಾಟಕದಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಕಲಬುರಗಿಯ ಹೊಲದಲ್ಲಿ ಬಂದ ಬೆಳೆ ಗಡಿ ದಾಟಿ ಮಹಾರಾಷ್ಟ್ರದ ನಮ್ಮ ಊರುಗಳಿಗೆ ಬರಲು ಯಾರ ಪರವಾನಗಿಯೂ ಬೇಕಾಗಲಿಲ್ಲ. ಬೀಗರ ಊರಿಗೆ ಹೋದವರು ಒಂದು ಚೀಲ ಬೀಜ ಕಟ್ಟಿಕೊಂಡು ಬಂದರೆ ಸಾಕು, ಮುಂದಿನ ವರ್ಷ ಅದು ಹತ್ತು ಮನೆಗೆ ಬೀಜವಾಗುತ್ತದೆ. ಇಂಥ ಸಂಶೋಧನೆಗೆ ಕಂಪನಿಯ ಹಂಗಿಲ್ಲ. ಬೀಜ ತಾನೇ ಹುಟ್ಟುತ್ತದೆ, ತಾನೇ ನಡೆಯುತ್ತದೆ. ಮೀಟರು ತಾನೇ ಹುಟ್ಟುವುದಿಲ್ಲ. ಔಷಧಿಯೂ ಹುಟ್ಟುವುದಿಲ್ಲ, ಯಂತ್ರವೂ ಹುಟ್ಟುವುದಿಲ್ಲ. ಅವುಗಳನ್ನು ಮತ್ತೆ ಮತ್ತೆ ತಯಾರಿಸುವ, ಮಾರುವ, ಕೆಟ್ಟರೆ ಸರಿಪಡಿಸುವ, ಅದರಿಂದ ನಾಲ್ಕು ಕಾಸು ಗಳಿಸಿ ಮತ್ತೆ ತಯಾರಿಸುವ ಒಂದು ಕೂಟ ಬೇಕು. ಸ್ಟಾರ್ಟಪ್, ನವೋದ್ಯಮ ಎಂದು ಈಗ ಕರೆಯುವುದು ಆ ಕೂಟವನ್ನೇ. ಕಂಪನಿ ಎಂದ ಕೂಡಲೇ ದುಡ್ಡಿನ ಆಸೆ ಎಂದು ಮುಖ ತಿರುಗಿಸುವ ಅಧ್ಯಾಪಕ ಮಿತ್ರರಿಗೆ ನಾನು ಹೇಳುವುದು ಇಷ್ಟು: ತಾನೇ ನಡೆಯಲಾರದ ವಿದ್ಯೆಗೆ ಅದು ಕಾಲು.

ವಿದ್ಯೆ ಇದ್ದಲ್ಲೇ ಉಳಿದರೆ ಏನಾಗುತ್ತದೆ ಎಂದು ಈ ಭಾಗದ ಜನರಿಗೆ ನಾನು ಹೇಳಿಕೊಡಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ್ದ ಕಿಲ್ಲಾರಿ, ಸಾಸ್ತೂರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಮಂದಿ ತಮ್ಮ ಮನೆಯ ಗೋಡೆಗಳ ಅಡಿಯಲ್ಲೇ ಸತ್ತರು. ನಮ್ಮ ಮಾಳಿಗಿ ಮನೆಗಳ ಗೋಡೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಒಳಗೊಂದು, ಹೊರಗೊಂದು ಕಲ್ಲಿನ ಸಾಲು. ನಡುವೆ ಮಣ್ಣು, ಚೂರುಗಲ್ಲು. ಮೇಲೆ ವರ್ಷ ವರ್ಷ ಹಾಕಿದ ಮಣ್ಣಿನ ಭಾರ. ಎರಡೂ ಸಾಲನ್ನು ಹಿಡಿದಿಡುವಂತೆ ಅಲ್ಲಲ್ಲಿ ಉದ್ದನೆಯ ಅಡ್ಡಗಲ್ಲು ಇಟ್ಟರೆ ಗೋಡೆ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಭೂಕಂಪ ತಾಳುವ ಕಟ್ಟಡಗಳ ಬಗ್ಗೆ ಭಾರತೀಯ ಮಾನಕ 1967ರಲ್ಲೇ ಅಚ್ಚಾಗಿತ್ತು. ನಮ್ಮ ಪ್ರದೇಶ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿದ್ದುದರಿಂದ ಅದನ್ನು ಇಲ್ಲಿಗೆ ಯಾರೂ ತರಲಿಲ್ಲ ಎಂಬುದೂ ನಿಜ. ಅಡ್ಡಗಲ್ಲಿನ ಪಾಠ ನಮ್ಮ ಗೌಂಡಿಗಳಿಗೆ ಸಿಕ್ಕಿದ್ದು ಹೆಣ ಎತ್ತಿದ ಮೇಲೆ. ಪುಸ್ತಕದಲ್ಲಿರುವ ವಿದ್ಯೆಗೂ ಗೌಂಡಿಯ ಕೈಗೂ ನಡುವಿನ ಆ ದೂರವನ್ನು ನೆನೆದಾಗಲೆಲ್ಲ ನನಗೆ ನನ್ನ ಕಪಾಟು ಕಣ್ಣಿಗೆ ಬರುತ್ತದೆ.

ಕನ್ನಡ ನಾಡಿನಲ್ಲಿ ಆ ದೂರವನ್ನು ದಾಟಿದ ಹಳೆಯ ಕಥೆಯೊಂದು ನಿಮ್ಮ ಮನೆಯ ಬಚ್ಚಲಲ್ಲೇ ಇದೆ. ಅದು ಮೈಸೂರು ಸ್ಯಾಂಡಲ್ ಸಾಬೂನು. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಶ್ರೀಗಂಧ ಕೊರಡಾಗಿಯೇ ಪರದೇಶಕ್ಕೆ ಹೋಗುತ್ತಿತ್ತು. ಎಣ್ಣೆ ತೆಗೆಯುವುದು ಹೆಚ್ಚಾಗಿ ಜರ್ಮನಿಯಲ್ಲಿ. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಗಂಧ ಉಗ್ರಾಣದಲ್ಲಿ ಬಿತ್ತು, ಸಂಸ್ಥಾನದ ಬೊಕ್ಕಸಕ್ಕೆ ಬರುವ ಹಣ ನಿಂತಿತು. ಆಗ ದಿವಾನರು ವಿಶ್ವೇಶ್ವರಯ್ಯನವರು. ಕೈಗಾರಿಕಾ ಇಲಾಖೆ ನೋಡುತ್ತಿದ್ದವರು ಆಲ್‌ಫ್ರೆಡ್ ಚಾಟರ್‌ಟನ್. 1909ರಲ್ಲಿ ಸ್ಥಾಪನೆಯಾಗಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಗಂಧದಿಂದ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಕೈಗೂಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನು ಮಾಡುವ ವಿದ್ಯೆ ಕಲಿತು ಬಂದರು. 1918ರಲ್ಲಿ ಸಾಬೂನು ಕಾರ್ಖಾನೆ ಶುರುವಾಯಿತು.

ಈ ಕಥೆಯನ್ನು ಹೇಳುವವರು ಮಹಾರಾಜರ ದೂರದೃಷ್ಟಿಯನ್ನು ಹೊಗಳುತ್ತಾರೆ, ಹೊಗಳಲಿ, ತಕ್ಕದ್ದೇ. ನಾನು ನೋಡುವುದು ಕೆಲಸಗಳ ಸರದಿಯನ್ನು. ಇಲ್ಲಿ ಮೊದಲು ಬಂದದ್ದು ಪ್ರಯೋಗಶಾಲೆಯಲ್ಲ. ಗಂಧದೆಣ್ಣೆಗೆ ಕೊಳ್ಳುವವರು ಮೊದಲೇ ಇದ್ದರು, ಕಚ್ಚಾ ಮಾಲು ಕೊಳೆಯುವಷ್ಟು ಇತ್ತು, ದಿನ ಹೋದಂತೆ ನಷ್ಟ ಏರುತ್ತಿತ್ತು. ಆ ತುರ್ತು ಹೋಗಿ ವಿಜ್ಞಾನಿಯ ಬಾಗಿಲು ಬಡಿಯಿತು. ವಿಜ್ಞಾನಿ ತನ್ನ ಪಾಲಿನ ಕೆಲಸ ಮಾಡಿ ಕೊಟ್ಟ. ಬಟ್ಟಿ ಇಳಿಸುವುದನ್ನು ಸೀಸೆಯ ಅಳತೆಯಿಂದ ಕಾರ್ಖಾನೆಯ ಅಳತೆಗೆ ಏರಿಸುವ ಹೊಣೆ ಇನ್ನೊಬ್ಬರು ಹೊತ್ತರು; ಎಣ್ಣೆಯಿಂದ ಸಾಬೂನಿಗೆ ಹೋಗುವ ಹೊಣೆ ಮತ್ತೊಬ್ಬರದು. ಒಬ್ಬನೇ ಎಲ್ಲವನ್ನೂ ಮಾಡಲಿಲ್ಲ. ನಾನು ಮಾಡಿದ್ದು ಇದರ ತಿರುಗುಮುರುಗು. ಸಲಕರಣೆ ಮಾಡಿಟ್ಟುಕೊಂಡು, ಅದನ್ನು ಕೇಳಿಕೊಂಡು ಯಾರಾದರೂ ಬರಲಿ ಎಂದು ಕಾದೆ.

ನಮ್ಮ ಅಡಿಗೆಮನೆಗೆ ಇನ್ನೂ ಹತ್ತಿರದ ಮಾತು ಬೇಳೆಯದು. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಂಥ ಒಂದು ಪದರಿನಿಂದ ಹಿಡಿದುಕೊಂಡಿರುತ್ತದೆ. ಅದನ್ನು ಬಿಡಿಸಲು ನಮ್ಮ ಅವ್ವಂದಿರು ಎಣ್ಣೆ ಹಚ್ಚಿ, ನೀರು ಹಾಕಿ, ಬಿಸಿಲಿಗೆ ಹರಡಿ, ಮತ್ತೆ ಗುಂಪು ಹಾಕಿ, ಬೀಸುಕಲ್ಲಿಗೆ ಹಾಕುತ್ತಿದ್ದರು. ಕಾಳಿನಲ್ಲಿ ನೂರಕ್ಕೆ 85ರ ಆಸುಪಾಸು ಬೇಳೆಯ ಭಾಗವಿದ್ದರೂ, ಹಳೆಯ ಪದ್ಧತಿಯಲ್ಲಿ ಕೈಗೆ ಬರುವುದು 70–75. ಉಳಿದದ್ದು ನುಚ್ಚಾಗಿ, ಪುಡಿಯಾಗಿ, ಚುನ್ನಿಯ ಜೊತೆ ದನದ ಮುಂದೆ ಹೋಗುತ್ತದೆ. 1950ರಲ್ಲಿ ಮೈಸೂರಿನಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಬಿಸಿಲಿನ ಬದಲು ಹದವಾದ ಬಿಸಿ ಗಾಳಿಯಿಂದ ಆ ಅಂಟನ್ನು ಸಡಿಲಿಸುವ ವಿಧಾನ ಕಂಡುಹಿಡಿಯಿತು. ಮಳೆ, ಮೋಡ ಎಂದು ಗಿರಣಿ ನಿಲ್ಲಿಸುವ ಗೋಜು ತಪ್ಪಿತು, ಬೇಳೆಯ ಪಾಲು ಹೆಚ್ಚಿತು. ಆಮೇಲೆ ಹಳ್ಳಿಗೆ ಒಗ್ಗುವ ಸಣ್ಣ ದಾಲ್ ಮಿಲ್ಲನ್ನೂ ಮಾಡಿತು. ಇತ್ತ ಮಹಾರಾಷ್ಟ್ರದಲ್ಲಿ ಅಕೋಲಾದ ಪಂಜಾಬರಾವ್ ದೇಶಮುಖ ಕೃಷಿ ವಿದ್ಯಾಪೀಠದವರು ‘ಪಿಕೆವಿ ಮಿನಿ ದಾಲ್ ಮಿಲ್’ ಮಾಡಿದರು. ವಿದರ್ಭದಲ್ಲಿ ಅದನ್ನು ಕೊಂಡು ಬದುಕು ಕಟ್ಟಿಕೊಂಡ ಬಚತ್ ಗಟಗಳ, ಅಂದರೆ ಸ್ವಸಹಾಯ ಗುಂಪುಗಳ, ಹೆಣ್ಣುಮಕ್ಕಳು ಬಹಳ. ಒಂದು ಕೋಣೆ, ಒಂದು ಮೋಟರು, ಊರಿನವರದೇ ತೊಗರಿ. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿದ್ದರೆ ಮಾತ್ರ ಸ್ಟಾರ್ಟಪ್ ಎನ್ನುವುದಾದರೆ ಇದಕ್ಕೆ ಆ ಹೆಸರು ಸಲ್ಲದು. ನನ್ನ ಲೆಕ್ಕದಲ್ಲಿ ಇದು ಅಪ್ಪಟ ಸ್ಟಾರ್ಟಪ್ಪೇ. ವಿಶ್ವವಿದ್ಯಾಲಯದ ನಕ್ಷೆ ತಯಾರಕನ ಕೈಗೆ ಹೋಯಿತು, ತಯಾರಕನ ಯಂತ್ರ ಹೆಣ್ಣುಮಗಳ ಅಂಗಳಕ್ಕೆ ಬಂತು.

ಇನ್ನು ಬೆಂಗಳೂರಿನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದೇ ಗುಂಪಿನ ಜನ ಎರಡು ಉದ್ಯಮಕ್ಕೆ ಕೈ ಹಾಕಿ, ಎರಡು ಬೇರೆ ಬೇರೆ ಫಲ ಕಂಡ ಕಥೆ ಇದು. ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ವಿಜ್ಞಾನ ವಿಭಾಗದಲ್ಲಿ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಅಧ್ಯಾಪಕರಿದ್ದರು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಸಮ್ಮೇಳನದ ಘೋಷಣೆಯಿಂದ ಒಂದು ಕನಸು ಹುಟ್ಟಿತು: ಓದು ಬಾರದವರೂ ಬಳಸಬಹುದಾದ, ನಮ್ಮ ಭಾಷೆಗಳಲ್ಲಿ ಮಾತಾಡುವ, ಅಂಗೈಯಗಲದ, ಅಗ್ಗದ ಕಂಪ್ಯೂಟರ್. ಎನ್ಕೋರ್ ಎಂಬ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರರು ಜೊತೆಗೂಡಿದರು. ಅದಕ್ಕೆ ಸಿಂಪ್ಯೂಟರ್ ಎಂದು ಹೆಸರಿಟ್ಟರು. 2001ರಲ್ಲಿ ಮಾದರಿಯನ್ನು ಜನರ ಮುಂದೆ ಇಟ್ಟಾಗ ದೇಶ ವಿದೇಶದ ಪತ್ರಿಕೆಗಳು ಕೊಂಡಾಡಿದವು. ಸಾಧನವನ್ನು ಓರೆ ಮಾಡಿದರೆ ಅದನ್ನು ಗುರುತಿಸುವ ಚಿಪ್ಪು ಅದರಲ್ಲಿತ್ತು. ಇಂದು ನಿಮ್ಮ ಮೊಬೈಲನ್ನು ತಿರುಗಿಸಿದಾಗ ಚಿತ್ರ ತಿರುಗುವುದೂ ಅಂಥ ಚಿಪ್ಪಿನಿಂದಲೇ. ಒಂದು ಸಾಧನವನ್ನು ಇಡೀ ಊರು ಹಂಚಿಕೊಳ್ಳಲಿ, ಪ್ರತಿಯೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್ ಇರಲಿ ಎಂದೂ ಯೋಚಿಸಿದ್ದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ ಸಿಂಪ್ಯೂಟರ್’ ಮಾರುಕಟ್ಟೆಗೆ ಬಂತು. ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಶುರು. ಐವತ್ತು ಸಾವಿರ ಮಾರುವ ಗುರಿಯಿತ್ತು. 2005ರ ಹೊತ್ತಿಗೆ ಮಾರಾಟವಾದದ್ದು 4,000ದಷ್ಟು.

ವಿಜ್ಞಾನ ಕಡಿಮೆ ಇತ್ತೇ? ಇಲ್ಲ. ಉದ್ದೇಶ ಸಣ್ಣದೇ? ಅದಕ್ಕಿಂತ ದೊಡ್ಡ ಉದ್ದೇಶ ಇರಲಾರದು. ಆದರೆ ಯಾರಿಗಾಗಿ ಮಾಡಿದರೋ ಆ ರೈತನ ಹತ್ತಿರ ಹತ್ತು ಸಾವಿರ ಇರಲಿಲ್ಲ. ಯಾರ ಹತ್ತಿರ ದುಡ್ಡು ಇತ್ತೋ ಆ ಸರಕಾರಗಳು ಸಾವಿರಗಟ್ಟಲೆ ಕೊಳ್ಳಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲು ಹಳ್ಳಿಗೆ ಬಂದೇಬಿಟ್ಟಿತ್ತು. ಬಳಸುವವನು ಬೇರೆ, ಹಣ ಕೊಡುವವನು ಬೇರೆ ಆದಾಗ, ಕೊಡುವವನು ಮನಸ್ಸು ಮಾಡದಿದ್ದರೆ ಎಂಥ ಸಂಶೋಧನೆಯೂ ನಡುದಾರಿಯಲ್ಲಿ ನಿಲ್ಲುತ್ತದೆ. ಬಡವರಿಗಾಗಿ ಏನನ್ನಾದರೂ ಮಾಡಬೇಕೆಂದು ಹೊರಟ ನನ್ನ ಎಳೆಯ ಗೆಳೆಯರು ಈ ಮಾತನ್ನು ಎದೆಯಲ್ಲಿ ಇಟ್ಟುಕೊಳ್ಳಬೇಕು.

ಅದೇ ನಾಲ್ವರು 2000ದಲ್ಲಿ, ಅಧ್ಯಾಪಕರಾಗಿದ್ದಾಗಲೇ, ಸ್ಟ್ರ್ಯಾಂಡ್ ಜಿನಾಮಿಕ್ಸ್ ಎಂಬ ಕಂಪನಿಯನ್ನೂ ಕಟ್ಟಿದ್ದರು. ಮನುಷ್ಯನ ವಂಶವಾಹಿಗಳ ಕರಡು ನಕ್ಷೆ ಸಿದ್ಧವಾಯಿತೆಂದು ಜಗತ್ತಿಗೆ ಸಾರಿದ ವರ್ಷ ಅದು. ಪ್ರಯೋಗಶಾಲೆಗಳಲ್ಲಿ ರಾಶಿ ಬಿದ್ದ ಮಾಹಿತಿಯನ್ನು ಕೇರಿ ತೂರಿ ಕಾಳು ತೆಗೆಯುವ ಲೆಕ್ಕಾಚಾರ ಇವರಿಗೆ ಗೊತ್ತಿತ್ತು. ಅಂಥ ಸಾಫ್ಟ್‌ವೇರ್ ಕೊಳ್ಳಲು ಹಣವಿದ್ದ ದೊಡ್ಡ ಕಂಪನಿಗಳೂ ಇದ್ದವು. ವಂಶವಾಹಿ ಸಂಶೋಧಕರು ಜಗತ್ತಿನ ಎಲ್ಲೆಡೆ ಬಳಸುವ, ಅಜಿಲೆಂಟ್ ಕಂಪನಿಯ ‘ಜೀನ್‌ಸ್ಪ್ರಿಂಗ್’ ಎಂಬ ಸಾಫ್ಟ್‌ವೇರಿನ ಹಿಂದೆ ಇವರ ಕೆಲಸವಿದೆ. ಆಮೇಲೆ ಕಂಪನಿ ದಿಕ್ಕು ಬದಲಿಸಿತು. ಹೆಸರು ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಆಯಿತು. ಕ್ಯಾನ್ಸರ್ ರೋಗಿಗಳ ವಂಶವಾಹಿ ಪರೀಕ್ಷೆ ಮಾಡುವ ಕೆಲಸಕ್ಕೆ ಇಳಿಯಿತು. 2021ರಲ್ಲಿ ರಿಲಯನ್ಸ್ ಸಮೂಹದ ಕಂಪನಿಯೊಂದು ₹393 ಕೋಟಿ ಕೊಟ್ಟು ಅದರ ನೂರಕ್ಕೆ 80ರಷ್ಟು ಪಾಲು ಕೊಂಡಿತು. ಇಪ್ಪತ್ತೊಂದು ವರ್ಷ! ಎರಡು ವರ್ಷದಲ್ಲಿ ಕೋಟ್ಯಧಿಪತಿ ಆಗುವುದೇ ಸ್ಟಾರ್ಟಪ್ ಎಂದು ಯಾರಾದರೂ ನಿಮಗೆ ಹೇಳಿದರೆ ಈ ಅಂಕಿಯನ್ನು ಅವರ ಮುಂದೆ ಇಡಿ. ಕೊನೆಗೆ ದೊಡ್ಡವರ ಪಾಲಾಯಿತಲ್ಲ ಎಂದು ಇದನ್ನು ಸೋಲು ಎನ್ನುವವರಿದ್ದಾರೆ. ನಾನು ಎನ್ನುವುದಿಲ್ಲ. ಪ್ರಯೋಗಶಾಲೆಯ ಲೆಕ್ಕಾಚಾರ ರೋಗಿಯ ರಿಪೋರ್ಟಿನವರೆಗೆ ಬಂದು ಮುಟ್ಟಿತು.

ಹಾಗಾದರೆ ದುಡ್ಡಿಲ್ಲದವರಿಗೆ ವಿದ್ಯೆ ತಲುಪಿಸಲು ದಾರಿಯೇ ಇಲ್ಲವೇ? ಇದೆ. ಕುಂದಾಪುರದ ಕಡೆಯ ಮನೆತನದ ಹರೀಶ್ ಹಂದೆ ಅಮೆರಿಕದಲ್ಲಿ ಸೌರಶಕ್ತಿಯ ಮೇಲೆ ಡಾಕ್ಟರೇಟ್ ಮಾಡಿದವರು. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಶುರು ಮಾಡಿದಾಗ ಅವರು ಹೊಸ ಸೌರಫಲಕವನ್ನೇನೂ ಕಂಡುಹಿಡಿಯಲಿಲ್ಲ. ರಸ್ತೆ ಬದಿ ವ್ಯಾಪಾರ ಮಾಡುವ ಹೆಣ್ಣುಮಗಳೊಬ್ಬಳಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ ಎಂಬುದನ್ನು ತಾವು ಕಲಿತ ಬಗೆಯನ್ನು ಅವರು ಅನೇಕ ಸಲ ಹೇಳಿದ್ದಾರೆ. ಎರಡೂ ಒಂದೇ ಮೊತ್ತ! ಆದರೆ ದಿನಗೂಲಿಯ ಕೈಯಲ್ಲಿ ದುಡ್ಡು ಓಡಾಡುವ ರೀತಿಗೆ ಕಂತು ಹೊಂದಬೇಕು. ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಬ್ಯಾಂಕುಗಳನ್ನು ಒಪ್ಪಿಸಿ ಹಳ್ಳಿಯ ದೀಪಕ್ಕೆ ಸಾಲ ಕೊಡಿಸಿದ್ದೇ ಅವರ ನಿಜವಾದ ಆವಿಷ್ಕಾರ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂಜಿನಿಯರಿಂಗ್ ಓದಿದವರಿಗಷ್ಟೇ ಈ ವಿಷಯ ಎಂದು ಹಿಂದಿನ ಸಾಲಿನಲ್ಲಿ ಕೂತಿರುವ ವಾಣಿಜ್ಯ, ಸಮಾಜಶಾಸ್ತ್ರದ ವಿದ್ಯಾರ್ಥಿಗಳೆ, ಆ ಹತ್ತು ರೂಪಾಯಿಯ ಲೆಕ್ಕ ಕಂಡುಹಿಡಿಯುವ ಕೆಲಸ ನಿಮ್ಮದು.

ಪ್ರಯೋಗಶಾಲೆಯಿಂದಲೇ ಕಂಪನಿ ಹುಟ್ಟಿದ ಇನ್ನೊಂದು ಉದಾಹರಣೆಯಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ಟರ ಕೆಲಸವನ್ನೂ ಹೆಸರಿಸಬೇಕು. ಒಂದು ಹನಿ ರಕ್ತದಿಂದ ಸಕ್ಕರೆಯನ್ನಷ್ಟೇ ಅಲ್ಲದೆ, ಸಕ್ಕರೆಯ ತಿಂಗಳುಗಳ ಸರಾಸರಿಯನ್ನೂ ಹಿಮೋಗ್ಲೋಬಿನನ್ನೂ ಅಂಗೈಯಲ್ಲಿ ಹಿಡಿಯುವ ಒಂದೇ ಸಾಧನದಲ್ಲಿ ಅಳೆಯುವ ಸಂವೇದಕಗಳನ್ನು ಅವರ ತಂಡ ಬೆಳೆಸಿತು. ಆ ಸಂಶೋಧನೆಯಿಂದಲೇ ಪಾಥ್‌ಶೋಧ್ ಎಂಬ ಕಂಪನಿ ಹುಟ್ಟಿತು. 2018ರಲ್ಲಿ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಬಂದದ್ದೂ ಸಂವೇದಕಗಳ ಕೆಲಸಕ್ಕೇ.

ಅಧ್ಯಾಪಕ ಮಿತ್ರರಿಗೆ ನನ್ನ ತಪ್ಪಿನಿಂದ ಕಲಿತ ಒಂದು ವ್ಯಾವಹಾರಿಕ ಮಾತು. ಪೇಟೆಂಟ್ ಬೇಕೆಂದಿದ್ದರೆ ಲೇಖನ ಅಚ್ಚಿಗೆ ಕೊಡುವ ಮೊದಲು ಅರ್ಜಿ ಹಾಕಬೇಕು. ಅಚ್ಚಾದ ಮೇಲೆ ಅದು ಹೊಸತು ಎಂದು ಕಾನೂನು ಒಪ್ಪುವುದಿಲ್ಲ. ಇರುವ ವಿನಾಯಿತಿಗಳು ಬಹಳ ಸಣ್ಣವು. ಮೊದಲು ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತವೆ. ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ನೂರಕ್ಕೆ 80ರಷ್ಟು ರಿಯಾಯಿತಿ 2021ರಿಂದ ಇದೆ. ಹಣದ ಮಾತಿಗೆ ಬಂದರೆ, ಕೇಂದ್ರ ವಿಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಯೋಜನೆ ಮೊದಲ ಮಾದರಿ ಮಾಡಲು 10 ಲಕ್ಷದವರೆಗೆ ಕೊಡುತ್ತ ಬಂದಿದೆ. ಜೈವಿಕ ವಿಜ್ಞಾನದ ಕೆಲಸಕ್ಕೆ 2012ರಲ್ಲಿ ಹುಟ್ಟಿದ ಬೈರಾಕ್ ಸಂಸ್ಥೆಯ ‘ಬಿಗ್’ ಅನುದಾನ 50 ಲಕ್ಷದವರೆಗೆ, 18 ತಿಂಗಳಿಗೆ. ನನ್ನ ಕಾಲದಲ್ಲಿ ಇವು ಇರಲಿಲ್ಲ. ಇಂದು ಕೊರತೆ ದುಡ್ಡಿನದಕ್ಕಿಂತ ಕೇಳುವವರದು ಎಂದು ನನಗನ್ನಿಸುತ್ತದೆ.

ಈಗ ನಮ್ಮ ನೆಲದ ಮಾತು. 1956ರವರೆಗೆ ನಿಲಂಗಾ, ಉದಗೀರ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಗೆರೆ ಎಳೆದಾಗ ನಾವು ಈ ಕಡೆ, ಇಂದಿನ ಮಹಾರಾಷ್ಟ್ರದಲ್ಲಿ, ಉಳಿದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಮೋಂಢಾದಲ್ಲಿ ದಖನಿ, ಕಾಲೇಜಿನಲ್ಲಿ ಇಂಗ್ಲಿಷ್. ಎರಡೂ ಕಡೆಯವರು ನಮ್ಮನ್ನು ಅಂಚಿನವರು ಎಂದು ಮರೆತದ್ದರ ನೋವು ನನಗೂ ಇದೆ. ಆದರೆ ಇವತ್ತಿನ ವಿಷಯದಲ್ಲಿ ಈ ಅಂಚೇ ನಮಗೆ ಅನುಕೂಲ. ಬೀದರಿನಲ್ಲಿ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಉದಗೀರದಲ್ಲಿ ಮಹಾರಾಷ್ಟ್ರದ ಪಶುವೈದ್ಯಕೀಯ ಕಾಲೇಜು, ಹೈನು ತಂತ್ರಜ್ಞಾನ ಕಾಲೇಜು ಎರಡೂ ಇವೆ. ಪರಭಣಿಯಲ್ಲಿ ಒಂದು ಕೃಷಿ ವಿಶ್ವವಿದ್ಯಾಲಯ, ರಾಯಚೂರಿನಲ್ಲಿ ಇನ್ನೊಂದು. ಅತ್ತಲಿನ ಸಂಶೋಧಕರಿಗೆ ಇತ್ತಲಿನ ಮರಾಠಿ ವರದಿ ಓದಲು ಬಾರದು, ಇತ್ತಲಿನವರಿಗೆ ಅತ್ತಲಿನ ಕನ್ನಡ ತಿಳಿಯದು. ಎರಡನ್ನೂ ಓದುವವರು ಈ ಸಭೆಯಲ್ಲಿದ್ದಾರೆ. ಕಂಪನಿಗೆ ರಾಜ್ಯದ ಗೆರೆಯಿಲ್ಲ. ಉಮರ್ಗಾದಲ್ಲಿ ನೋಂದಾಯಿಸಿ ಬಸವಕಲ್ಯಾಣದಲ್ಲಿ ಮಾರಬಹುದು.

ಕೆಲಸಕ್ಕೆ ಬರಗಾಲವಿಲ್ಲ. ಈಚೆಗೆ ನಿಲಂಗಾ ತಾಲೂಕಿನ ಬೋರಸುರಿಯ ತೊಗರಿ ಬೇಳೆಗೆ, ಪಾನಚಿಂಚೋಳಿಯ ಹುಣಸೆಗೆ ಭೌಗೋಳಿಕ ಗುರುತು ಸಿಕ್ಕಿದೆ; ಕಲಬುರಗಿಯ ಬೇಳೆಗೆ 2019ರಲ್ಲೇ ಸಿಕ್ಕಿತ್ತು. ಗುರುತೇನೋ ಬಂತು. ಅಂಗಡಿಯ ಚೀಲದಲ್ಲಿರುವುದು ನಿಜವಾಗಿ ಬೋರಸುರಿಯದೇ ಎಂದು ಐದು ನಿಮಿಷದಲ್ಲಿ, ಕಡಿಮೆ ಖರ್ಚಿನಲ್ಲಿ ತೋರಿಸಬಲ್ಲ ಪರೀಕ್ಷೆ ಯಾರು ಮಾಡಿಕೊಡುತ್ತಾರೆ? ದೇವಣಿ ನಮ್ಮದೇ ದನ. ಅದರ ಹಾಲಿನಲ್ಲಿ ಏನಿದೆ ಎಂದು ಅಳೆದು, ಹಾಲಿಗೆ ಹೆಚ್ಚು ಬೆಲೆ ತರುವ ಕೆಲಸ ಉದಗೀರದ ಹೈನು ಕಾಲೇಜಿಗೂ ದೇವಣಿಯ ಕೊಟ್ಟಿಗೆಗೂ ನಡುವೆ ಓಡಾಡುವ ಒಬ್ಬ ಹುಡುಗಿಯಿಂದ ಶುರುವಾಗಬಹುದು. ತೊಗರಿ ಕಟಿಗೆಯನ್ನು ಹೊಲದಲ್ಲೇ ಸುಡುತ್ತೇವೆ. ಅದನ್ನು ಉರುವಲ ಇಟ್ಟಿಗೆ ಮಾಡುವ ವಿದ್ಯೆ ಎಂದೋ ಇದೆ, ನಮ್ಮ ಊರಿನ ಲೆಕ್ಕಕ್ಕೆ ಅದನ್ನು ಹೊಂದಿಸಿದವರಿಲ್ಲ.

ಈ ಭಾಗದ ಕಾಲೇಜುಗಳವರಿಗೆ ನನ್ನ ಪ್ರಾರ್ಥನೆ ಇದು. ವರ್ಷಕ್ಕೊಮ್ಮೆ, ರಾಶಿಯ ಕಾಲದಲ್ಲಿ, ವಿದ್ಯಾರ್ಥಿಗಳನ್ನು ಮೂರು ದಿನ ಮೋಂಢಾದಲ್ಲಿ ಕೂರಿಸಿ. ಎಲ್ಲಿ ಯಾರ ದುಡ್ಡು ಸೋರುತ್ತದೆ ಎಂದು ಬರೆದುಕೊಂಡು ಬರಲಿ. ಅದನ್ನು ತೊಗೊಂಡು ಬೀದರಕ್ಕೋ ಪರಭಣಿಗೋ ಹೋಗಿ ಪ್ರಯೋಗಶಾಲೆಯ ಬಾಗಿಲು ಬಡಿಯಲಿ. ಗಂಧದೆಣ್ಣೆಯ ಕಾಲದಲ್ಲಿ ಆದದ್ದು ಅದೇ ಅಲ್ಲವೇ?

ನನ್ನ ಮೀಟರಿನ ನಕ್ಷೆ, ಸರ್ಕ್ಯೂಟು, ಮೂರು ವರ್ಷದ ಅಳತೆಯ ಪುಸ್ತಕಗಳನ್ನು ಇಂದು ಜೊತೆಗೆ ತಂದಿದ್ದೇನೆ. ಸಭೆ ಮುಗಿದ ಮೇಲೆ ಇಲ್ಲಿನ ಗ್ರಂಥಾಲಯಕ್ಕೆ ಒಪ್ಪಿಸುತ್ತೇನೆ. ಪೇಟೆಂಟ್ ತೆಗೆಯದೆ ಅಚ್ಚು ಮಾಡಿದ್ದರಿಂದ ಅದು ಯಾರ ಆಸ್ತಿಯೂ ಅಲ್ಲ. ನನ್ನ ಅಪ್ಪಣೆಯೂ ಬೇಕಾಗಿಲ್ಲ. ಅಂದಿಗಿಂತ ಇಂದು ಬಿಡಿಭಾಗಗಳು ಅಗ್ಗವಾಗಿವೆ, ನಿಮ್ಮ ಕೈಯ ಮೊಬೈಲೇ ಅದರ ಅರ್ಧ ಕೆಲಸ ಮಾಡಬಲ್ಲದು. ಜನವರಿಯಲ್ಲಿ ಹೊಸ ತೊಗರಿ ಉದಗೀರಕ್ಕೆ ಬರುತ್ತದೆ. ಅಷ್ಟರೊಳಗೆ ನಿಮ್ಮಲ್ಲಿ ಯಾರಾದರೂ ಇಬ್ಬರು ಒಂದನ್ನು ಮಾಡಿಕೊಂಡು ಮೋಂಢಾಕ್ಕೆ ಬನ್ನಿ. ನಾನೂ ಬರುತ್ತೇನೆ, ಚೀಲದ ಪಕ್ಕದಲ್ಲಿ ನಿಂತು ಒಟ್ಟಿಗೆ ಅಳೆಯೋಣ. ಎಷ್ಟಕ್ಕೆ ಸಿಗುತ್ತದೆ ಎಂದು ಅಲ್ಲಿ ಯಾರಾದರೂ ಕೇಳಿದರೆ ಈ ಸಲ ಉತ್ತರ ಕೊಡಿ.